ಸೆನ್ಸರ್ ಕಂಡದ್ದು, ಸಾರಥಿ ಬರೆದದ್ದು: ಸ್ವಯಂಚಾಲಿತ ಚಾಲನಾ ಪರೀಕ್ಷಾ ಟ್ರ್ಯಾಕ್‌ನ ವಿಮರ್ಶೆ

ಚಾಲನಾ ಪರವಾನಗಿಯ ಪ್ರಾಯೋಗಿಕ ಪರೀಕ್ಷೆಯನ್ನು ಸೆನ್ಸರ್ ಮತ್ತು ಕ್ಯಾಮೆರಾಗಳ ಉಸ್ತುವಾರಿಗೆ ಒಪ್ಪಿಸಿರುವ ಸ್ವಯಂಚಾಲಿತ ಟ್ರ್ಯಾಕ್‌ಗಳು ಕರ್ನಾಟಕಕ್ಕೆ ತೀರಾ ಹೊಸತಲ್ಲ. ಬೆಂಗಳೂರಿನ ಮಲ್ಲತ್ತಹಳ್ಳಿಯಲ್ಲಿರುವ ಜ್ಞಾನಭಾರತಿ ಆರ್‌ಟಿಒ ಟ್ರ್ಯಾಕ್‌ ನಗರದ ಬಹಳಷ್ಟು ಜನರಿಗೆ ಗೊತ್ತು. ಬೇರೆ ಊರುಗಳಿಗೂ ಇಂಥವು ಬಂದಿವೆ. ಅಂಥದೊಂದು ಟ್ರ್ಯಾಕ್‌ನಲ್ಲಿ ನನ್ನ ಮಗಳು ಕಾರಿನ ಪರೀಕ್ಷೆ ಕೊಟ್ಟಳು. ಮೊದಲು ಫೇಲಾದಳು, ಆಮೇಲೆ ಪಾಸಾದಳು. ಜೊತೆಗೆ ಹೋಗಿ, ಫಲಿತಾಂಶ ಹೇಗೆ ದಾಖಲಾಗುತ್ತದೆ, ದಾಖಲಾದದ್ದನ್ನು ಯಾರು ಪರಿಶೀಲಿಸುತ್ತಾರೆ ಎಂಬುದನ್ನು ಆದಷ್ಟು ಹತ್ತಿರದಿಂದ ನೋಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಕಚೇರಿ ಯಾವುದೆಂದು ಹೇಳುವುದಿಲ್ಲ, ಏಕೆಂದರೆ ನನ್ನ ತಕರಾರು ಅಲ್ಲಿನ ಸಿಬ್ಬಂದಿಯ ಮೇಲಲ್ಲ, ಅವರ ಕೈಗೆ ಕೊಟ್ಟಿರುವ ಏರ್ಪಾಡಿನ ಮೇಲೆ. ಅಳೆಯುವ ಕೆಲಸಕ್ಕೆ ಈ ಏರ್ಪಾಡಿಗೆ ಧಾರಾಳವಾಗಿ ಅಂಕ ಕೊಡಬಹುದು. ಅಳೆದದ್ದನ್ನು ಅಭ್ಯರ್ಥಿಗೆ ತೋರಿಸುವ, ತಪ್ಪಿದ್ದರೆ ತಿದ್ದುವ ಕೆಲಸದಲ್ಲಿ ಮಾತ್ರ ಅದು ಇನ್ನೂ ಎಲ್‌ಎಲ್‌ಆರ್, ಅಂದರೆ ಕಲಿಕಾ ಪರವಾನಗಿಯ ಹಂತದಲ್ಲೇ ಇದೆ.

ಹಳೆಯ ಪದ್ಧತಿಯನ್ನು ಕಂಡವರಿಗೆ ಹೊಸದರ ಬೆಲೆ ಬೇಗ ಅರ್ಥವಾಗುತ್ತದೆ. ನಮ್ಮ ಕಡೆ ಬ್ರೇಕ್ ಇನ್‌ಸ್ಪೆಕ್ಟರ್ ಎಂದೇ ಕರೆಸಿಕೊಳ್ಳುವ ಮೋಟಾರು ವಾಹನ ನಿರೀಕ್ಷಕರು ಮೈದಾನದ ಅಂಚಿನ ಮರದಡಿ ಕುರ್ಚಿ ಹಾಕಿಸಿಕೊಂಡು ಕೂತು, ಡ್ರೈವಿಂಗ್ ಸ್ಕೂಲಿನವರು ಸಾಲಾಗಿ ತಂದು ನಿಲ್ಲಿಸಿದ ಅಭ್ಯರ್ಥಿಗಳಿಂದ ಬೈಕಿನಲ್ಲಿ ಎಂಟು ಹಾಕಿಸಿ, ಕಾರಿನಲ್ಲಿ ಸ್ವಲ್ಪ ದೂರ ಮುಂದೆ ಹೋಗಿ ಅಷ್ಟೇ ದೂರ ಹಿಂದೆ ಬರಲು ಹೇಳಿ, ಅರ್ಜಿಯ ಮೇಲೊಂದು ಗುರುತು ಹಾಕಿದರೆ ಪರೀಕ್ಷೆ ಮುಗಿಯುತ್ತಿತ್ತು. ಆ ಗುರುತಿನ ಹಿಂದೆ ನಿರೀಕ್ಷಕರ ಅನುಭವವಿರುತ್ತಿತ್ತು ಎಂಬುದು ನಿಜ. ಕೆಲವು ಕಡೆ ಏಜೆಂಟನ ಪರಿಚಯವೂ ಇರುತ್ತಿತ್ತು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಎರಡರಲ್ಲಿ ಯಾವುದು ಕೆಲಸ ಮಾಡಿತು ಎಂದು ಆಮೇಲೆ ತಿಳಿಯಲು ಯಾವ ದಾಖಲೆಯೂ ಉಳಿಯುತ್ತಿರಲಿಲ್ಲ. ಸ್ವಯಂಚಾಲಿತ ಟ್ರ್ಯಾಕ್ ಇಲ್ಲದ ಕಚೇರಿಗಳಲ್ಲಿ ಇಂದಿಗೂ ಪರೀಕ್ಷೆ ಹೆಚ್ಚುಕಡಿಮೆ ಹೀಗೆಯೇ ನಡೆಯುತ್ತದೆ. ಫಲಿತಾಂಶವನ್ನು ಪುಸ್ತಕದಲ್ಲಿ ಬರೆಯುವ ಬದಲು ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾಹಿತಿ ಕೇಂದ್ರ (ಎನ್‌ಐಸಿ) ಚಾಲನಾ ಪರವಾನಗಿಗಳಿಗಾಗಿ ರೂಪಿಸಿದ ಸಾರಥಿ ತಂತ್ರಾಂಶದಲ್ಲಿ ನಮೂದಿಸುತ್ತಾರೆ ಎಂಬುದಷ್ಟೇ ವ್ಯತ್ಯಾಸ.

ಟ್ರ್ಯಾಕ್‌ನ ಕೆಲಸ ಹೀಗಿದೆ. ಸಾರಥಿಯಲ್ಲಿ ಮೊದಲೇ ಕಾಯ್ದಿರಿಸಿದ ಸ್ಲಾಟ್‌ಗೆ ಸರಿಯಾಗಿ ಹೋಗಿ, ಎಲ್‌ಎಲ್‌ಆರ್ ಮತ್ತು ಗುರುತಿನ ದಾಖಲೆ ತೋರಿಸಿ, ಕ್ಯಾಮೆರಾ ಮುಂದೆ ಮುಖವೊಡ್ಡಿದ ಮೇಲೆ, ಪರೀಕ್ಷೆಯ ಕಾರಿನ ಗಾಜಿನ ಒಳಗೆ ರೇಡಿಯೊ ಅಲೆಗಳ ಮೂಲಕ ದೂರದಿಂದಲೇ ಓದಬಹುದಾದ ಒಂದು ಆರ್‌ಎಫ್‌ಐಡಿ ಕಾರ್ಡ್ ಸಿಕ್ಕಿಸುತ್ತಾರೆ. ಆ ಕ್ಷಣದಿಂದ ಆ ಕಾರು ಯಾರ ಅರ್ಜಿಗೆ ಸೇರಿದ್ದೆಂದು ಕಂಪ್ಯೂಟರಿಗೆ ತಿಳಿದಿರುತ್ತದೆ. ಟ್ರ್ಯಾಕ್‌ನ ಪ್ರತಿಯೊಂದು ಭಾಗದ ಬಾಗಿಲಲ್ಲಿ ಕಾರ್ಡನ್ನು ಓದುವ ಯಂತ್ರವಿದ್ದು, ಒಳಹೊಕ್ಕ ಹೊತ್ತನ್ನೂ ಹೊರಬಂದ ಹೊತ್ತನ್ನೂ ಬರೆದುಕೊಳ್ಳುತ್ತದೆ. ಎಂಟಿನ ಆಕಾರದ ದಾರಿ, ರಿವರ್ಸ್‌ನಲ್ಲಿ ಬರಬೇಕಾದ ಎಸ್ ಮತ್ತು ಎಚ್ ಆಕಾರದ ದಾರಿಗಳು, ರಸ್ತೆಗೆ ಸಮಾನಾಂತರವಾಗಿ ನಿಲ್ಲಿಸುವ ಪಾರ್ಕಿಂಗ್ ಜಾಗ, ಏರು, ಸಿಗ್ನಲ್, ಜೀಬ್ರಾ ದಾಟು, ಹೀಗೆ ಒಂದಾದ ಮೇಲೊಂದು ಬರುತ್ತವೆ. ದಾರಿಯ ಎರಡೂ ಅಂಚಿಗೆ ಸೊಂಟದೆತ್ತರದ ಹಳದಿ–ಕಪ್ಪು ಕಂಬಗಳಿವೆ. ಚಕ್ರ ಗೆರೆ ದಾಟಿದರೆ ಅಥವಾ ಬಂಪರ್ ಕಂಬಕ್ಕೆ ತಾಗಿದರೆ ಸೆನ್ಸರ್ ಸೂಚನೆ ಕಳಿಸುತ್ತದೆ, ಕಂಟ್ರೋಲ್ ರೂಮಿನಲ್ಲಿ ಒಂದು ಬೀಪ್ ಕೇಳಿಸುತ್ತದೆ. ಕಾರಿನೊಳಗೆ ಕೂತವರಿಗೆ ಮಾತ್ರ ಏನೂ ಕೇಳಿಸುವುದಿಲ್ಲ.

ನನಗೆ ತೀರಾ ಮೆಚ್ಚಿಗೆಯಾದದ್ದು ಏರಿನ ಭಾಗ. ಏರಿನ ನಡುವೆ ಪೂರ್ತಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಬಿಟ್ಟು, ಹಿಂದಕ್ಕೆ ಜಾರದಂತೆ ಮುಂದೆ ಹೊರಡಬೇಕು. ಹಳೆಯ ಮೈದಾನದ ಪರೀಕ್ಷೆಯಲ್ಲಿ ಈ ಅಂಶವನ್ನು ನೋಡುವ ಅವಕಾಶವೇ ಇರುತ್ತಿರಲಿಲ್ಲ, ಏಕೆಂದರೆ ಮೈದಾನದಲ್ಲಿ ಏರಿರಲಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 15ನೇ ನಿಯಮ ಇದನ್ನು ಸ್ಪಷ್ಟವಾಗಿ ಕೇಳಿದ್ದರೂ, ಕಡಿದಾದ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವುದನ್ನು ಪರೀಕ್ಷೆಯಲ್ಲಿ ತೋರಿಸದೆಯೇ ಸಕಲೇಶಪುರದ ಘಾಟಿಯಲ್ಲಿ ಕಾರು ಓಡಿಸುವ ಅರ್ಹತೆ ಪಡೆದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಸೆನ್ಸರ್‌ಗೆ ಇಲ್ಲಿ ದಾಕ್ಷಿಣ್ಯವಿಲ್ಲ: ಕಾರು ಹಿಂದೆ ಸರಿದರೆ ಸರಿಯಿತು. ನನ್ನ ಕಣ್ಣೆದುರೇ, ತುಂಬಾ ವರ್ಷಗಳಿಂದ ಗಾಡಿ ಓಡಿಸುತ್ತಿದ್ದೇನೆಂದು ಎಲ್ಲರಿಗೂ ಕೇಳುವಂತೆ ಹೇಳಿಕೊಳ್ಳುತ್ತಿದ್ದ ಹಿರಿಯರೊಬ್ಬರು ಇದೇ ಭಾಗದಲ್ಲಿ ಸೋತರು. ಅವರ ಪರವಾಗಿ ಮಾತಾಡಲು ಬಂದ ಏಜೆಂಟನಿಗೆ ಮಾತಾಡಿಸಲು ಯಾರೂ ಸಿಗಲಿಲ್ಲ. ಈ ಒಂದು ಕಾರಣಕ್ಕಾಗಿಯೇ ಇಂಥ ಟ್ರ್ಯಾಕ್‌ಗಳು ಎಲ್ಲ ಕಚೇರಿಗಳಿಗೂ ಬರಬೇಕು ಎನ್ನುತ್ತೇನೆ.

ಪಾಸಾಗಲು ಎಷ್ಟು ಬೇಕು ಎಂಬ ಪ್ರಶ್ನೆಗೆ ಬಹಿರಂಗ ಉತ್ತರವೊಂದಿದೆ. 2021ರ ಮಾರ್ಚ್‌ನಲ್ಲಿ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಅವರು ಲೋಕಸಭೆಗೆ ನೀಡಿದ ಉತ್ತರದಲ್ಲಿ, ಆರ್‌ಟಿಒಗಳಲ್ಲಿ ವಿವಿಧ ಕೌಶಲಗಳಿಗೆ ಉತ್ತೀರ್ಣತೆಯ ಮಟ್ಟ ಶೇ 69 ಎಂದು ತಿಳಿಸಿದ್ದರು. ಪರೀಕ್ಷೆಯ ಮಾದರಿ ವಿಡಿಯೊವನ್ನು ಟ್ರ್ಯಾಕ್‌ನಲ್ಲಿ ಪರದೆಯ ಮೇಲೆ ತೋರಿಸಲಾಗುತ್ತದೆ ಎಂದೂ ಹೇಳಿದ್ದರು. ಪರದೆ ನಾವು ಹೋದಲ್ಲಿಯೂ ಇತ್ತು, ವಿಡಿಯೊ ಓಡುತ್ತಲೂ ಇತ್ತು, ಅದನ್ನು ನೋಡಿದ್ದರಿಂದ ಮಗಳಿಗೆ ಉಪಯೋಗವೂ ಆಯಿತು. ಆದರೆ ಯಾವ ತಪ್ಪಿಗೆ ಎಷ್ಟು ಅಂಕ ಕಳೆಯುತ್ತಾರೆ, ಯಾವ ತಪ್ಪಾದರೆ ಉಳಿದದ್ದನ್ನು ನೋಡದೆ ಫೇಲ್ ಮಾಡುತ್ತಾರೆ ಎಂಬ ಪಟ್ಟಿ ಎಲ್ಲಿಯೂ ಕಾಣಲಿಲ್ಲ. ಗೋಡೆಯ ಮೇಲೆ ಶುಲ್ಕದ ಪಟ್ಟಿ ಇತ್ತು, ಮಧ್ಯವರ್ತಿಗಳಿಗೆ ಪ್ರವೇಶವಿಲ್ಲವೆಂಬ ಫಲಕವಿತ್ತು, ಅಂಕದ ಪಟ್ಟಿ ಇರಲಿಲ್ಲ.

ಈಗ ಫೇಲಾದ ಸಂಗತಿಗೆ ಬರುತ್ತೇನೆ. ಪರೀಕ್ಷೆ ಮುಗಿಸಿ ಬಂದವಳ ಕೈಗೆ ಒಂದು ಚೀಟಿ ಕೊಟ್ಟರು. ಅದರಲ್ಲಿ ಅರ್ಜಿ ಸಂಖ್ಯೆ, ವಾಹನದ ವರ್ಗ, ದಿನಾಂಕ, ಹೊತ್ತು, ಕೊನೆಯಲ್ಲಿ ಫೇಲ್ ಎಂಬ ಒಂದು ಪದ, ಅಷ್ಟೇ ಇದ್ದವು. ಎಲ್ಲಿ ತಪ್ಪಿದೆ ಎಂದು ಕೇಳಿದಾಗ, ಕಂಟ್ರೋಲ್ ರೂಮಿನ ಆಪರೇಟರ್ ಸೌಜನ್ಯದಿಂದಲೇ ಮಾನಿಟರನ್ನು ನಮ್ಮ ಕಡೆ ತಿರುಗಿಸಿದರು. ಅಲ್ಲಿ ಒಂದು ಅಚ್ಚುಕಟ್ಟಾದ ಕೋಷ್ಟಕವಿತ್ತು: ಪ್ರತಿ ಭಾಗಕ್ಕೊಂದು ಸಾಲು, ತೆಗೆದುಕೊಂಡ ಸಮಯ, ತಾಗಿದ ಕಂಬದ ಸಂಖ್ಯೆ, ನಿಂತ ಸಲ, ಫಲಿತಾಂಶ. ಎಲ್ಲ ಸಾಲುಗಳೂ ಹಸಿರು, ರಿವರ್ಸ್ ಎಸ್ ಒಂದು ಮಾತ್ರ ಕೆಂಪು. ಅಂದರೆ ಯಂತ್ರದ ಬಳಿ ಇಷ್ಟೆಲ್ಲ ವಿವರವಿದೆ, ಅಭ್ಯರ್ಥಿಯ ಚೀಟಿಗೆ ಇಳಿದು ಬರುವುದು ಒಂದೇ ಪದ. ಮುಂದಿನ ವಾರ ಏನನ್ನು ಅಭ್ಯಾಸ ಮಾಡಿಕೊಂಡು ಬರಬೇಕು ಎಂಬುದನ್ನು ತಿಳಿಸಬಲ್ಲ ಏಕೈಕ ಕಾಗದವನ್ನು ಮುದ್ರಿಸದೆ ಇಟ್ಟುಕೊಳ್ಳುವುದಕ್ಕೆ ಯಾವ ಸಮರ್ಥನೆಯೂ ನನಗೆ ತೋಚುವುದಿಲ್ಲ.

ಕೆಂಪು ಸಾಲಿನ ವಿಡಿಯೊವನ್ನು ಅವರು ತೆರೆದರು. ಎತ್ತರದ ಕಂಬದ ಮೇಲಿನ ಕ್ಯಾಮೆರಾ ತೆಗೆದ ಚಿತ್ರ ಸಾಕಷ್ಟು ಸ್ಪಷ್ಟವಾಗಿತ್ತು. ಎಸ್‌ನ ಎರಡನೆಯ ತಿರುವಿನ ಒಳಮಗ್ಗುಲಿನ ಕಂಬವೊಂದು, ಮಗಳ ಕಾರು ಒಳಗೆ ಬರುವ ಮೊದಲೇ, ದಾರಿಯ ಕಡೆಗೆ ವಾಲಿಕೊಂಡಿತ್ತು. ಅದಕ್ಕೂ ಮುಂಚೆ ಬಂದ ಕಾರು ತಾಗಿಸಿಕೊಂಡು ಹೋದದ್ದನ್ನು ಯಾರೋ ನೆಟ್ಟಗೆ ಮಾಡದೆ ಬಿಟ್ಟಿದ್ದರು. ಅವಳ ಚಕ್ರ ಗೆರೆಯೊಳಗೇ ಇತ್ತು, ವಾಲಿದ ಕಂಬಕ್ಕೆ ಹಿಂಬದಿಯ ಬಂಪರ್ ಸವರಿತು, ಸಾಲು ಕೆಂಪಾಯಿತು. ಆಪರೇಟರ್ ಕೂಡ ಇದನ್ನು ಒಪ್ಪಿಕೊಂಡರು, ಆದರೆ ಒಮ್ಮೆ ಬಂದ ಫಲಿತಾಂಶವನ್ನು ಬದಲಿಸುವ ಅಧಿಕಾರ ತಮಗಿಲ್ಲವೆಂದರು. ಆ ಅಧಿಕಾರ ಅವರಿಗೆ ಇರಲೂಬಾರದು. ಇದ್ದಿದ್ದರೆ ಹೊರಗೆ ನಿಂತಿದ್ದ ಏಜೆಂಟ್ ನಮಗಿಂತ ಮೊದಲೇ ಆ ಕೋಣೆಯಲ್ಲಿರುತ್ತಿದ್ದ. ನನ್ನ ಆಕ್ಷೇಪ ಬೇರೆ: ಫಲಿತಾಂಶ ತಿದ್ದಲು ಬಟನ್ ಬೇಡ, ಆದರೆ ಈ ಪರೀಕ್ಷೆಯನ್ನು ಮೇಲಿನವರು ಒಮ್ಮೆ ನೋಡಬೇಕು ಎಂದು ಗುರುತಿಸುವ ಬಟನ್ ಕೂಡ ಇಲ್ಲ. ಸೆನ್ಸರ್‌ಗಳನ್ನು ಕೊನೆಯ ಬಾರಿ ಯಾವಾಗ ಪರಿಶೀಲಿಸಲಾಯಿತು, ಬೆಳಿಗ್ಗೆ ಟ್ರ್ಯಾಕ್ ತೆರೆಯುವ ಮುನ್ನ ಕಂಬಗಳು ಸರಿಯಾಗಿವೆಯೇ ಎಂದು ಯಾರು ಸಹಿ ಮಾಡುತ್ತಾರೆ ಎಂದು ವಿಚಾರಿಸಿದೆ. ನಿರ್ವಹಣೆಯ ಗುತ್ತಿಗೆದಾರರು ಬರುತ್ತಾರೆ ಎಂಬ ಉತ್ತರ ಸಿಕ್ಕಿತು. ಪೇಟೆಯ ದಿನಸಿ ಅಂಗಡಿಯ ತಕ್ಕಡಿಗೂ ಕಾನೂನು ಮಾಪನ ಇಲಾಖೆಯ ಮುದ್ರೆ ಬೇಕಾಗಿರುವಾಗ, ಒಬ್ಬರ ಪರವಾನಗಿಯನ್ನು ತೂಗುವ ಕಂಬದ ತಪಾಸಣೆಗೆ ಅಭ್ಯರ್ಥಿ ಕಣ್ಣಾರೆ ನೋಡಬಹುದಾದ ಒಂದು ರಿಜಿಸ್ಟರಾದರೂ ಇರಬೇಡವೇ?

ನಿಯಮವನ್ನು ಓದಿದರೆ ಈ ತಕರಾರಿಗೆ ಇನ್ನಷ್ಟು ಬಲ ಬರುತ್ತದೆ. ವಾಹನವನ್ನು ಹಿಂದಕ್ಕೆ ನಡೆಸಿ ಇಕ್ಕಟ್ಟಾದ ಜಾಗಕ್ಕೆ ತರುವುದರಲ್ಲಿ 15ನೇ ನಿಯಮ ಬಯಸುವುದು ಹಿಡಿತವನ್ನು ಮತ್ತು ಸಾಕಷ್ಟು ನಿಖರತೆಯನ್ನು; ಕೂದಲೆಳೆಯ ನಿಖರತೆಯನ್ನಲ್ಲ. ನಿರೀಕ್ಷಕರ ಕಣ್ಣು ತಾನಾಗಿ ಬಿಡುತ್ತಿದ್ದ ಈ ರಿಯಾಯಿತಿಯನ್ನು ಸೆನ್ಸರ್‌ಗೆ ಕಲಿಸಬೇಕಾದರೆ ಯಾರಾದರೂ ಕೂತು ಮಿತಿಗಳನ್ನು ನಿಗದಿ ಮಾಡಿರಲೇಬೇಕು. ಹಾಗೆ ನಿಗದಿ ಮಾಡಿದ ಮಿತಿಗಳು ಸಾರ್ವಜನಿಕರಿಗೆ ತಿಳಿದಿರಬೇಕು, ಏಕೆಂದರೆ ವಾಸ್ತವದಲ್ಲಿ ಪರವಾನಗಿಯನ್ನು ಕೊಡುವುದೂ ತಡೆಯುವುದೂ ಅವೇ.

ಇನ್ನೊಂದು ದುರ್ಬಲ ಕೊಂಡಿ ಕಂಡದ್ದು ಟ್ರ್ಯಾಕ್‌ನ ಕಂಪ್ಯೂಟರಿಗೂ ಸಾರಥಿಗೂ ನಡುವೆ. ಎರಡೂ ತಾವಾಗಿಯೇ ಮಾತಾಡಿಕೊಳ್ಳುತ್ತವೆ ಎಂದು ನಾನು ಭಾವಿಸಿದ್ದೆ. ನಾವು ಹೋದ ದಿನ ಆ ಸಂಪರ್ಕ ಕೆಲಸ ಮಾಡುತ್ತಿರಲಿಲ್ಲವೋ, ಇರಲೇ ಇಲ್ಲವೋ, ಪಕ್ಕದ ಮೇಜಿನ ಸಿಬ್ಬಂದಿಯೊಬ್ಬರು ಚೀಟಿಗಳ ಕಟ್ಟನ್ನು ಮುಂದಿಟ್ಟುಕೊಂಡು ಒಂದೊಂದೇ ಅರ್ಜಿ ಸಂಖ್ಯೆಯನ್ನು ಕೈಯಾರೆ ಹೊಡೆದು, ಪಾಸೋ ಫೇಲೋ ಎಂದು ಆಯ್ಕೆ ಮಾಡುತ್ತಿದ್ದರು. ಅವರ ಕೈ ಬಹಳ ಚುರುಕಾಗಿತ್ತು, ಅದೇ ನನ್ನ ಚಿಂತೆಗೂ ಕಾರಣವಾಯಿತು. ಸೆನ್ಸರ್, ಕ್ಯಾಮೆರಾ, ಆರ್‌ಎಫ್‌ಐಡಿ ಎಲ್ಲ ಸೇರಿ ಮನುಷ್ಯನ ಕೈಯನ್ನು ದೂರವಿಟ್ಟ ಮೇಲೆ, ಕೊನೆಯ ಹೆಜ್ಜೆಯಲ್ಲಿ ಅದೇ ಕೈಗೆ ಎಲ್ಲವನ್ನೂ ಒಪ್ಪಿಸಿದಂತಾಯಿತು. ಅಲ್ಲಿ ಬೆರಳು ಜಾರಿದರೆ, ಅಥವಾ ಜಾರಿಸಿದರೆ, ಟ್ರ್ಯಾಕ್‌ನ ದಾಖಲೆ ಒಂದು ಹೇಳುತ್ತದೆ, ಸಾರಥಿಯ ದಾಖಲೆ ಇನ್ನೊಂದು ಹೇಳುತ್ತದೆ. ಪರವಾನಗಿ ಹೊರಡುವುದು ಎರಡನೆಯದರಿಂದ. ಎರಡನ್ನೂ ದಿನದ ಕೊನೆಗೆ ತಾಳೆ ನೋಡುವ ಕ್ರಮವಿದ್ದರೆ ಈ ಭಯ ಬೇಕಾಗಿಲ್ಲ. ಅಭ್ಯರ್ಥಿಗೆ ಮಾತ್ರ ಹಾಗೆ ತಾಳೆ ನೋಡಲು ದಾರಿಯಿಲ್ಲ, ಏಕೆಂದರೆ ಅರ್ಜಿ ಸಂಖ್ಯೆ ಮತ್ತು ಜನ್ಮದಿನಾಂಕ ಹಾಕಿ ಸಾರಥಿಯಲ್ಲಿ ನೋಡಿದರೂ ನಮಗೆ ಕಾಣಿಸಿದ್ದು ಅರ್ಜಿ ಯಾವ ಹಂತದಲ್ಲಿದೆ ಎಂಬುದು, ಟ್ರ್ಯಾಕ್‌ನ ಕೋಷ್ಟಕವಲ್ಲ.

ಇದಕ್ಕಿಂತ ಚೆನ್ನಾಗಿ ಮಾಡಲು ಬರುತ್ತದೆ, ಅದೂ ನಮ್ಮ ಬೆಂಗಳೂರಿನವರಿಂದಲೇ ಬಂದಿದೆ. ಮೈಕ್ರೋಸಾಫ್ಟ್ ರಿಸರ್ಚ್‌ನ ಬೆಂಗಳೂರು ಪ್ರಯೋಗಾಲಯದಲ್ಲಿ ಹ್ಯಾಮ್ಸ್ ಎಂಬ ಹೆಸರಿನಲ್ಲಿ ಬೆಳೆದ ವ್ಯವಸ್ಥೆಯನ್ನು 2019ರಲ್ಲಿ ಡೆಹ್ರಾಡೂನ್‌ನ ಚಾಲನಾ ಪರೀಕ್ಷೆಗೆ ಅಳವಡಿಸಲಾಯಿತು. ಅದರಲ್ಲಿ ದುಬಾರಿ ಕಂಬಗಳ ಸಾಲು ಬೇಕಿಲ್ಲ; ಮುಂದಿನ ಗಾಜಿಗೆ ಅಂಟಿಸಿದ ಒಂದು ಸ್ಮಾರ್ಟ್‌ಫೋನೇ ಪರೀಕ್ಷಕ. ಫೋನಿನ ಹಿಂಬದಿ ಕ್ಯಾಮೆರಾ ದಾರಿಯನ್ನು ನೋಡಿ ಕಾರು ಸಾಗಿದ ಗೆರೆಯನ್ನು ಗುರುತಿಸುತ್ತದೆ, ಮುಂಬದಿ ಕ್ಯಾಮೆರಾ ಚಾಲಕರನ್ನು ನೋಡುತ್ತದೆ: ಅರ್ಜಿದಾರರೇ ಕೂತಿದ್ದಾರೆಯೇ, ಸೀಟ್ ಬೆಲ್ಟ್ ಹಾಕಿದ್ದಾರೆಯೇ, ತಿರುಗುವ ಮೊದಲು ಕನ್ನಡಿ ನೋಡಿದರೇ. ನಾವು ಕಂಡ ಟ್ರ್ಯಾಕ್‌ನಲ್ಲಿ ಕಾರ್ಡು ಕಾರನ್ನು ಗುರುತಿಸುತ್ತದೆ, ಒಳಗೆ ಕೂತವರನ್ನಲ್ಲ. ಒಬ್ಬರ ಬದಲು ಇನ್ನೊಬ್ಬರು ಕೂತರೆ ತಡೆಯುವುದು ಗೇಟಿನಲ್ಲಿ ನಡೆಯುವ ಮುಖದ ಪರಿಶೀಲನೆಯೊಂದೇ. ಕನ್ನಡಿ ನೋಡಿದ್ದಂತೂ ಯಾವ ಕಂಬಕ್ಕೂ ತಿಳಿಯುವುದಿಲ್ಲ. ನಮ್ಮ ರಾಜ್ಯ ಹೊಸ ಟ್ರ್ಯಾಕ್‌ಗಳಿಗೆ ಕಾಂಕ್ರೀಟು ಸುರಿಯುವ ಮುನ್ನ ಇದನ್ನು ಗಂಭೀರವಾಗಿ ನೋಡುವುದು ಒಳ್ಳೆಯದು.

ಬ್ರಿಟನ್ನಿನಲ್ಲಿರುವ ಕನ್ನಡಿಗರು ಅಲ್ಲಿಯ ಪರೀಕ್ಷೆಯನ್ನು ಶಪಿಸುವುದನ್ನು ಕೇಳಿದ್ದೇನೆ, ಊರಿನಲ್ಲಿ ಹತ್ತಾರು ವರ್ಷ ಓಡಿಸಿದವರೂ ಅಲ್ಲಿ ಮತ್ತೆ ಕಲಿಯಬೇಕಾಗುತ್ತದೆ. ಆದರೆ ದಾಖಲೆಯ ವಿಷಯದಲ್ಲಿ ಅವರ ಕ್ರಮವೇ ಮೇಲು. ಅಲ್ಲಿ ಸೆನ್ಸರ್ ಕಂಬಗಳಿಲ್ಲ. ಪರೀಕ್ಷಕರು ಸುಮಾರು 40 ನಿಮಿಷ ಪಕ್ಕದಲ್ಲೇ ಕೂತು, ನಿಜವಾದ ರಸ್ತೆಯಲ್ಲಿ ಓಡಿಸುವುದನ್ನು ನೋಡಿ, ಕಾಗದದ ಬದಲು ಟ್ಯಾಬ್ಲೆಟ್‌ನಲ್ಲಿ ತಪ್ಪುಗಳನ್ನು ಗುರುತಿಸುತ್ತಾರೆ. ತಪ್ಪುಗಳಲ್ಲಿ ಸಾಮಾನ್ಯ, ಗಂಭೀರ, ಅಪಾಯಕಾರಿ ಎಂದು ಮೂರು ಬಗೆ. ಸಾಮಾನ್ಯ ತಪ್ಪುಗಳು 15ರವರೆಗೆ ಇದ್ದರೂ ಪಾಸು, ಉಳಿದೆರಡರಲ್ಲಿ ಒಂದಿದ್ದರೂ ಫೇಲು. ಈ ಲೆಕ್ಕ ಕಲಿಯುವವರೆಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಪರೀಕ್ಷೆ ಮುಗಿದ ಮೇಲೆ ಯಾವ ಶೀರ್ಷಿಕೆಯಡಿ ಎಷ್ಟು ತಪ್ಪು ಎಂಬ ವಿವರ ಅಭ್ಯರ್ಥಿಯ ಇಮೇಲ್‌ಗೆ ಬರುತ್ತದೆ, ಪಾಸಾದವರಿಗೂ. ನಿಯಮ ಮೀರಿ ಪರೀಕ್ಷೆ ನಡೆಸಿದ್ದಾರೆ ಎನಿಸಿದರೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆರು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಹೋಗಬಹುದು. ಗೆದ್ದರೂ ಫಲಿತಾಂಶ ಬದಲಾಗುವುದಿಲ್ಲ, ಶುಲ್ಕವಿಲ್ಲದೆ ಮತ್ತೊಮ್ಮೆ ಪರೀಕ್ಷೆ ಸಿಗಬಹುದು. ಮನುಷ್ಯನನ್ನೇ ನೆಚ್ಚಿದ ಆ ಪದ್ಧತಿ ತನ್ನ ದಾಖಲೆಯನ್ನು ಅಭ್ಯರ್ಥಿಯ ಕೈಗೆ ಕೊಡುತ್ತದೆ. ಮನುಷ್ಯನನ್ನು ನಂಬದ ನಮ್ಮ ಪದ್ಧತಿ ಅದನ್ನು ಕಂಟ್ರೋಲ್ ರೂಮಿನಲ್ಲೇ ಇಟ್ಟುಕೊಳ್ಳುತ್ತದೆ.

ಟ್ರ್ಯಾಕ್ ಏನನ್ನು ಅಳೆಯಲಾರದು ಎಂಬುದನ್ನೂ ಹೇಳಬೇಕು. 15ನೇ ನಿಯಮದ ಪಟ್ಟಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಂಶಗಳಿವೆ. ಪಾದಚಾರಿಗಳು, ಸೈಕಲ್ ಸವಾರರು, ಬೇರೆ ಚಾಲಕರು ಮುಂದೇನು ಮಾಡಬಹುದೆಂದು ಊಹಿಸುವುದು, ಗಮನ ಚೆದುರದಂತೆ ಓಡಿಸುವುದು, ರಸ್ತೆಯ ಇತರರ ಬಗ್ಗೆ ಸೌಜನ್ಯ ತೋರುವುದು ಅವುಗಳಲ್ಲಿ ಸೇರಿವೆ. ಇವುಗಳಿಗೆ ಸೆನ್ಸರ್ ಇಲ್ಲ. ಬೇರೆ ವಾಹನವೇ ಇಲ್ಲದ ಟ್ರ್ಯಾಕ್‌ನಲ್ಲಿ ಸೌಜನ್ಯ ತೋರಬೇಕಾದದ್ದಾದರೂ ಯಾರಿಗೆ? ಕಂಪ್ಯೂಟರಿನ ಕೋಷ್ಟಕದಲ್ಲಿ ಈ ಅಂಶಗಳಿಗೆ ಸಾಲೇ ಇರಲಿಲ್ಲ, ಹಾಗಾಗಿ ಅವು ಕೆಂಪಾಗುವ ಪ್ರಶ್ನೆಯೂ ಬರಲಿಲ್ಲ. ಎಂಟನ್ನೂ ಎಸ್ಸನ್ನೂ ಬಾಯಿಪಾಠದಂತೆ ಕಲಿಸುವ ಡ್ರೈವಿಂಗ್ ಸ್ಕೂಲುಗಳು ಈಗಾಗಲೇ ಹುಟ್ಟಿಕೊಂಡಿವೆ: ಇಂತಿಷ್ಟನೆಯ ಕಂಬ ಹಿಂದಿನ ಕಿಟಕಿಯಲ್ಲಿ ಕಂಡಾಗ ಸ್ಟಿಯರಿಂಗನ್ನು ಒಂದೂವರೆ ಸುತ್ತು ತಿರುಗಿಸು ಎಂಬ ಪಾಠ. ಅದರಿಂದ ಪಾಸಾಗಬಹುದು, ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಲು ಬರುವುದಿಲ್ಲ. ಟ್ರ್ಯಾಕ್ ಮುಗಿದ ಮೇಲೆ ನಿರೀಕ್ಷಕರು ಪಕ್ಕದಲ್ಲಿ ಕೂತು ಹೊರಗಿನ ರಸ್ತೆಯಲ್ಲಿ ಸ್ವಲ್ಪ ಹೊತ್ತು ಓಡಿಸಿ ನೋಡುವ ಹಂತವೊಂದನ್ನು ಸೇರಿಸಿದರೆ ಮಾತ್ರ ನಿಯಮದ ಪಟ್ಟಿ ಪೂರ್ತಿಯಾಗುತ್ತದೆ.

2021ರ ಜುಲೈ 1ರಿಂದ ಜಾರಿಯಲ್ಲಿರುವ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳ ವ್ಯವಸ್ಥೆಯಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ. ಅಲ್ಲಿ ಲಘು ವಾಹನಕ್ಕೆ 29 ಗಂಟೆಗಳ ತರಬೇತಿ ಮುಗಿಸಿ ಕೇಂದ್ರದ ಪರೀಕ್ಷೆಯಲ್ಲೇ ಪಾಸಾದವರಿಗೆ ಆರ್‌ಟಿಒದಲ್ಲಿ ಮತ್ತೆ ಪರೀಕ್ಷೆ ಇಲ್ಲ. ತರಬೇತಿ ಕೊಟ್ಟವರೇ ಫಲಿತಾಂಶವನ್ನೂ ಬರೆಯುವಾಗ ಸಾರಿಗೆ ಇಲಾಖೆಯವರು ಒಂದಷ್ಟು ವಿಡಿಯೊಗಳನ್ನು ಆಗಾಗ ತೆಗೆದು ನೋಡುತ್ತಿರಬೇಕಾದದ್ದು ಇನ್ನೂ ಅಗತ್ಯ.

ಖರ್ಚಿನ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಪ್ರತಿ ವಾಹನ ವರ್ಗದ ಪರೀಕ್ಷೆಗೆ ಕೇಂದ್ರ ನಿಯಮಗಳ ಪ್ರಕಾರ 300 ರೂಪಾಯಿ, ಮರುಪರೀಕ್ಷೆಗೂ ಅಷ್ಟೇ. ಮೋಟಾರು ವಾಹನ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಫೇಲಾದವರು ಏಳು ದಿನಗಳ ನಂತರ ಮತ್ತೆ ಬರಬಹುದು. ಮೂರು ಸಲ ಫೇಲಾದರೆ 60 ದಿನ ಕಾಯಬೇಕು. ಹಾಗಾಗಿ ವಾಲಿದ ಕಂಬದಿಂದಾದ ಫೇಲು ಕೂಡ ಆ ಮೂರರಲ್ಲಿ ಒಂದಾಗಿ ಎಣಿಕೆಗೆ ಬರುತ್ತದೆ ಎಂಬುದನ್ನು ಮರೆಯಬಾರದು.

ಮಗಳು ಮತ್ತೆ ಹೋದಾಗ ಕಂಬಗಳು ನೆಟ್ಟಗಿದ್ದವು, ಎಲ್ಲ ಸಾಲುಗಳೂ ಹಸಿರಾದವು, ಡಿಎಲ್ ಬಂತು. ಮೊದಲ ಪರೀಕ್ಷೆಯ ಕೋಷ್ಟಕ ಮತ್ತು ವಿಡಿಯೊ ಬೇಕೆಂದು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಶುಲ್ಕ ಹತ್ತು ರೂಪಾಯಿ, ಕರ್ನಾಟಕದ ನಿಯಮದಂತೆ ಅರ್ಜಿ 150 ಪದಗಳನ್ನು ಮೀರಬಾರದು, ಉತ್ತರಕ್ಕೆ 30 ದಿನಗಳ ಗಡುವು. ಮರುಪರೀಕ್ಷೆ ಏಳು ದಿನಕ್ಕೇ ಸಿಗುವಾಗ ಈ ಉತ್ತರ ಬರುವ ಹೊತ್ತಿಗೆ ಅಭ್ಯಾಸಕ್ಕೆ ಅದರಿಂದ ಪ್ರಯೋಜನವಿರುವುದಿಲ್ಲ. ಆದ್ದರಿಂದ ಟ್ರ್ಯಾಕ್‌ಗೆ ಹೋಗುವವರು ಮೂರು ಕೆಲಸ ಮಾಡಲಿ: ಕಾರು ಹತ್ತುವ ಮೊದಲು ಟ್ರ್ಯಾಕ್ ಪಕ್ಕದಲ್ಲಿ ನಡೆದು ಕಂಬಗಳನ್ನು ನೋಡಿ, ವಾಲಿದ್ದು ಕಂಡರೆ ಆಗಲೇ ಹೇಳಲಿ, ಫೇಲಾದರೆ ಹೊರಡುವ ಮುನ್ನ ಮಾನಿಟರಿನ ಕೋಷ್ಟಕವನ್ನು ತೋರಿಸಲು ಕೇಳಿ, ಕೆಂಪಾದ ಸಾಲನ್ನು ಬರೆದುಕೊಳ್ಳಲಿ, ತಕರಾರಿದ್ದರೆ ಅರ್ಜಿ ಸಂಖ್ಯೆ, ಹೊತ್ತು, ಟ್ರ್ಯಾಕ್‌ನ ಭಾಗ ಇಷ್ಟನ್ನೂ ನಮೂದಿಸಿ ಅದೇ ದಿನ ಬರವಣಿಗೆಯಲ್ಲಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬರಲಿ.